ಇಂಜಿನ್ನಿಗೆ ಸುತ್ತಿದ ಒದ್ದೆ ಬಟ್ಟೆ

ಹೋದ ತಿಂಗಳು ಕಡೂರಿನಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದೆ. ಸಕ್ಕರೆ ಕಾಯಿಲೆ ಬಂದಮೇಲೆ ನನಗೆ ಇದೂ ಒಂದು ಹಬ್ಬ, ತಪ್ಪದೆ ಬರುತ್ತೆ. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳು ಒರೆಸಿದಳು. ಹೊರಗೆ ಹೆಂಚು ಕಾದಂಥ ಬಿಸಿಲು. ತೋಳಿನ ಮೇಲೆ ಆ ಒಂದು ಕಾಸಗಲ ಜಾಗ ಮಾತ್ರ ಛಳಕ್ಕನೆ ತಣ್ಣಗಾಯಿತು... ತಂಪಿನ ಹಿಂದೆಯೇ ವಾಸನೆ ಮೂಗಿಗೇರಿತು. ಅದು ಪೆಟ್ರೋಲಿನ ವಾಸನೆ ಅಲ್ಲ, ಅಷ್ಟು ನನಗೂ ಗೊತ್ತು. ಆದರೆ ಮೂಗು ನನ್ನ ಮಾತು ಕೇಳಬೇಕಲ್ಲ!

ಸೂಜಿ ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ. ನಾನಾಗಲೇ ಅಜ್ಜಂಪುರದಾಚೆ, ಅಂತರಘಟ್ಟೆ ದಾರಿಯ ನಮ್ಮ ಎರೆ ಹೊಲದಲ್ಲಿದ್ದೆ. ದೀಪಾವಳಿ ಕಳೆದ ಮೇಲಿನ ಬೆಳಗು. ಬದುವಿನ ಮೇಲೆ ನಿಂತರೆ ಪಕ್ಕದ ಬದು ಕಾಣದಷ್ಟು ಮಂಜು. ಆ ಮಂಜಿನೊಳಗೆ ಎಲ್ಲೋ ಒಂದು ಇಂಜಿನ್ನು ಕೆಮ್ಮುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುತ್ತಿ ಮಂಕರಿ ತಲೆ ಮೇಲಿಟ್ಟುಕೊಂಡು, ನನ್ನ ಮುಂದೆ ಮುಂದೆ ನಮ್ಮತ್ತೆ ನಡೆಯುತ್ತಿದ್ದರು.

ಅತ್ತೆ ಅಂದರೆ ಗಂಡನ ತಾಯಿ. ಅತ್ತೆಯನ್ನು ನೆನೆಸಿಕೊಂಡು ಬರೆಯುವ ಸೊಸೆ ಎಲ್ಲಿದ್ದಾಳೆ ಅಂತ ನೀವು ನಗಬಹುದು. ನಗಿ. ನಾನೂ ಆ ಮನೆಗೆ ಹೋದ ಹೊಸದರಲ್ಲಿ ಅವರನ್ನು ಕಂಡರೆ ಅಡುಗೆಮನೆ ಮೂಲೆಗೆ ಸರಿಯುತ್ತಿದ್ದವಳೇ. ಎತ್ತರದ ಆಳು, ಅಗಲವಾದ ಅಂಗೈ, ಕೆರೆ ಏರಿಯ ಆಚೆಗೂ ಕೇಳುವ ಗಂಟಲು. ಅವರ ದೊಡ್ಡ ಗುಣ, ಇಲ್ಲಾ ಅವಗುಣ ಅನ್ನಿ, ಏನಪ್ಪಾ ಅಂದರೆ ತಮ್ಮಿಂದ ತಪ್ಪಾಯಿತು ಅನ್ನುವ ಮಾತು ಅವರ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ "ಈ ಸಲದ ಉಪ್ಪೇ ಜೋರಾಗೈತೆ" ಅನ್ನುವರು. ಹಾಲು ಉಕ್ಕಿದರೆ "ಎಮ್ಮೆಗೆ ಹಿಂಡಿ ಜಾಸ್ತಿ ಹಾಕಿದೋರು ಯಾರು?" ಅಂತ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸುವರು. ನಮ್ಮ ಮಾವ ಅವರನ್ನು ಹಿಂದಿನಿಂದ ಅಮಲ್ದಾರ್ ಅಂತ ಕರೆಯುತ್ತಿದ್ದರು, ಮುಂದಿನಿಂದ ಏನೂ ಕರೆಯುತ್ತಿರಲಿಲ್ಲ.

ನನ್ನ ತವರು ಹಿರೇನಲ್ಲೂರು ಕಡೆ, ಕೆಮ್ಮಣ್ಣಿನ ಬೆದ್ದಲು ಸೀಮೆ. ಅರವತ್ತರ ಆಸುಪಾಸಿನ ಒಂದು ಶ್ರಾವಣದಲ್ಲಿ ನನ್ನ ಮದುವೆಯಾಯಿತು. ಗಂಡಿನ ಮನೆಯಲ್ಲಿ ಟ್ರ್ಯಾಕ್ಟರ್ ಐತಂತೆ ಅನ್ನುವುದೇ ನಮ್ಮೂರಲ್ಲಿ ದೊಡ್ಡ ಸುದ್ದಿ. ನನ್ನ ಗೆಳತಿಯರು ಗಂಡ ಹೇಗಿದ್ದಾನೆ ಅಂತ ಕೇಳುವ ಮೊದಲು ಅದರ ಬಣ್ಣ ಯಾವುದು ಅಂತ ಕೇಳಿದ್ದರು. ಬಣ್ಣ ಎಲ್ಲಿತ್ತು? ಮಾವ ಅದನ್ನು ಹಿಂದಿನ ಬೇಸಿಗೆಯಲ್ಲಿ ಚಿಕ್ಕಮಗಳೂರಿನ ಯಾವುದೋ ಕಾಫಿ ತೋಟದವರಿಂದ ಕೊಂಡು ತಂದಿದ್ದು. ಆಗಲೇ ಮುದಿಯಾಗಿತ್ತು. ಈಗಿನ ಹಾಗೆ ಡೀಸೆಲ್ ಅಲ್ಲ, ಪೆಟ್ರೋಲು ಕುಡಿಯುವಂಥದ್ದು. ಅದರ ಜೊತೆಗೇ ಬಂದಂತೆ ತರೀಕೆರೆಯಿಂದ ಒಬ್ಬ ಡ್ರೈವರ್ ಸಾಬರು ಬಂದಿದ್ದರು. ತೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ಇಂಜಿನ್ನಿನ ಜೊತೆ ಮಾತ್ರ ತಮ್ಮ ಮನೆಮಾತಿನಲ್ಲಿ ಜಗಳ ಆಡುವರು.

ಆ ಬೇಸಿಗೆಯಲ್ಲಿ ಟ್ರ್ಯಾಕ್ಟರು ಮಧ್ಯಾಹ್ನದ ಹೊತ್ತು ಬಿಸಿಲಿಗೆ ಸೊರಗಿ ನಿಲ್ಲುತ್ತಿತ್ತಂತೆ. ಕೊಳವೆಯೊಳಗಿನ ಪೆಟ್ರೋಲು ಕಾದು ಗುಳ್ಳೆಯೆದ್ದು ಮುಂದಕ್ಕೆ ಹರಿಯುತ್ತಿರಲಿಲ್ಲ. ಅದಕ್ಕೆ ಸಾಬರು ಒಂದು ಉಪಾಯ ಮಾಡಿದ್ದರು. ಇಂಜಿನ್ನಿನ ಪಕ್ಕದಲ್ಲಿ ಮುಷ್ಟಿಗಿಂತ ತುಸು ದೊಡ್ಡದಾದ ಒಂದು ಎರಕದ ಗಡ್ಡೆ ಇರುತ್ತೆ ನೋಡಿ, ಪೆಟ್ರೋಲು ಗಾಳಿಯ ಜೊತೆ ಬೆರೆಯುವ ಜಾಗ, ಕಾರ್ಬುರೇಟರ್. ಸಾಬರ ಬಾಯಲ್ಲಿ ಅದು ಕಾರ್ಬೇಟ್ರು. ಅದಕ್ಕೂ ಅದರ ಕೊಳವೆಗೂ ಒಂದು ಒದ್ದೆ ಬಟ್ಟೆ ಸುತ್ತಿದರು. ಟ್ರ್ಯಾಕ್ಟರು ಜಗ್ಗದೆ ಓಡಿತು. ನೋಡಿದ ಅತ್ತೆಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. "ಮನೆಗೆ ಬಂದ ಲಕ್ಷ್ಮಿಗೆ ಮಸಿ ಬಟ್ಟೆ ಸುತ್ತೋದೇನ್ರೀ ಸಾಬ್ರೇ!" ಅಂತ ತಮ್ಮ ಹಳೇ ಹತ್ತಿ ಸೀರೆಯ ತುಂಡೊಂದನ್ನು ಹರಿದು, ಅರಿಶಿನದ ನೀರಲ್ಲಿ ಅದ್ದಿ, ತಾವೇ ಕಟ್ಟಿದರು. ಅವತ್ತಿಂದ ಅದೊಂದು ಪದ್ಧತಿಯಾಗಿ ಹೋಯಿತು. ಬೆಳಗ್ಗೆ ಸ್ನಾನ ಮಾಡಿದ ಹೆಣ್ಣುಮಗಳು ಟ್ರ್ಯಾಕ್ಟರಿಗೆ ಒದ್ದೆ ಬಟ್ಟೆ ಸುತ್ತಬೇಕು, ಆಮೇಲೇ ಅದು ಹೊಲಕ್ಕೆ ಹೊರಡಬೇಕು. ನಮ್ಮ ಮನೆಯಲ್ಲಿ ಅದಕ್ಕೆ "ತಂಪು ಕಟ್ಟೋದು" ಅಂತಲೇ ಹೆಸರು.

ನಾನು ಹೋದಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಹೊಸ ಸೊಸೆಗೆ ಕೊಟ್ಟ ಮರ್ಯಾದೆ ಅದು. ಮಳೆಗಾಲ ಪೂರ್ತಿ ಟ್ರ್ಯಾಕ್ಟರು ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ನಿಂತೇ ಇತ್ತು. ಒದ್ದೆ ಎರೆ ಮಣ್ಣಿಗೆ ಅದನ್ನು ಇಳಿಸಿದರೆ ಮತ್ತೆ ಎಳೆಯಲು ಊರಿನ ಎತ್ತೆಲ್ಲ ಬೇಕಾಗುತ್ತೆ. ದೀಪಾವಳಿ ಕಳೆದು ಮಳೆ ಹಿಂದಾಗಿ, ಕಡಲೆ ಬಿತ್ತಲು ನೆಲ ಹದಕ್ಕೆ ಬಂದಾಗ ಅದನ್ನು ಹೊರಗೆ ತೆಗೆದರು. ನಾನು ಸ್ನಾನ ಮಾಡಿ, ಅರಿಶಿನದ ನೀರಲ್ಲಿ ಬಟ್ಟೆ ಹಿಂಡಿ, ಸುತ್ತಿದೆ. ಕೊಳವೆಯ ಸಂದಿನಿಂದ ಜಿನುಗಿದ ಪೆಟ್ರೋಲು ನನ್ನ ಬೆರಳಿನ ಮೇಲೆ ಬಿತ್ತು. ಬಿದ್ದದ್ದೇ ತಡ ಆರಿಹೋಯಿತು. ಆರಿದ ಜಾಗ ನೀರು ಬಿದ್ದುದಕ್ಕಿಂತ ಎಷ್ಟೋ ತಣ್ಣಗೆ ಕೊರೆಯಿತು. ಇದೇನು ವಿಚಿತ್ರ ಅಂದುಕೊಂಡೆ. ಹೇಳೋಣ ಅಂದರೆ ಹೊಸ ಸೊಸೆ ಮಾತು ಯಾರಿಗೆ ಬೇಕು? ಸುಮ್ಮನಾದೆ.

ಅವತ್ತು ಬೆಳಗಿನ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದವಳು ನಾನೇ. ಮಂಜಿನಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ನಾನು ಬದು ಹತ್ತಿದೆ. ಸದ್ದು ಕುಗ್ಗಿತು. ಗೂರಲು ಹಿಡಿದ ಮುದುಕನ ಹಾಗೆ ಕೆಮ್ಮಿತು, ಏದುಸಿರು ಬಿಟ್ಟಿತು, ನಿಂತೇಬಿಟ್ಟಿತು. ಸಾಬರು ಇಳಿದು ಅದು ಬಿಚ್ಚಿದರು, ಇದು ಬಿಚ್ಚಿದರು, ಊದಿದರು, ಒರೆಸಿದರು. ಎಲ್ಲಾ ಸರಿಯಾಗಿತ್ತು. ಮತ್ತೆ ಜೋಡಿಸಿ ಹ್ಯಾಂಡಲ್ ತಿರುಗಿಸಿದರೆ ಏನೂ ಆಗದಂತೆ ಶುರುವಾಯಿತು! ಆಗಲಿ ಅಂತ ಬುತ್ತಿ ಕೊಟ್ಟು ನಾನು ತಿರುಗುವಷ್ಟರಲ್ಲಿ ಮತ್ತೆ ಕೆಮ್ಮು.

ಮಧ್ಯಾಹ್ನದ ಊಟ ಅತ್ತೆಯೇ ತೆಗೆದುಕೊಂಡು ಹೋದರು. ಆಗ ಮಂಜು ಹರಿದು ಬಿಸಿಲು ಬಿದ್ದಿತ್ತು. ಟ್ರ್ಯಾಕ್ಟರು ಕುದುರೆಯಂತೆ ಓಡುತ್ತಿತ್ತಂತೆ.

ಮಾರನೆಯ ದಿನವೂ ಹೀಗೇ. ಅದರ ಮಾರನೆಯ ದಿನವೂ ಹೀಗೇ. ಬೆಳಗ್ಗೆ ನಾನು ಹೋದರೆ ನಿಲ್ಲುವುದು, ಮಧ್ಯಾಹ್ನ ಅತ್ತೆ ಹೋದರೆ ಓಡುವುದು. ಹೇಳಿ, ಇದಕ್ಕಿಂತ ಸಾಕ್ಷಿ ಬೇಕೇ? ಆ ಮನೆಯಲ್ಲಿ ಮಾವನ ಅಕ್ಕ ಒಬ್ಬರಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ನೆಲೆ ನಿಂತವರು. ದೊಡ್ಡತ್ತೆ ಅಂತ ಕರೆಯುತ್ತಿದ್ದೆ. ಅವರು ಬೆಳಗಿಂದ ಸಂಜೆವರೆಗೆ ಎಲೆ ಅಡಿಕೆ ಮೆಲ್ಲುತ್ತಾ ಲೆಕ್ಕ ಹಾಕುವವರು. ಹಾಕಿದರು. "ಬ್ಯಾಸಿಗೇಲಿ ಬಂಗಾರದಂಗೆ ಓಡ್ತಿತ್ತು ಕಣಪ್ಪಾ. ಈ ಹುಡ್ಗಿ ಕಾಲಿಟ್ಮೇಲೆ ಅದ್ರ ಉಸಿರೇ ಕಟ್ಟೋಗೈತೆ. ಕಾಲ್ಗುಣ ಸರಿಯಿಲ್ಲ" ಅಂದರು.

ಕಾಲ್ಗುಣ! ಆ ಒಂದು ಮಾತಿನ ಭಾರ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಮದುವೆಯಾಗಿ ಬಂದ ಹುಡುಗಿ ಹೊಸ್ತಿಲು ದಾಟಿದ ಮೇಲೆ ಎಮ್ಮೆ ಕರು ಹಾಕಿದರೆ ಅವಳ ಕಾಲು ಒಳ್ಳೆಯದು, ಕರು ಸತ್ತರೆ ಅವಳ ಕಾಲು ಕೆಟ್ಟದ್ದು. ನಮ್ಮೂರಲ್ಲಿ ನಮ್ಮ ಹಿತ್ತಲಾಚೆ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. "ನಾಲ್ಕು ದಿನ ಇದ್ದು ಬಾ" ಅಂತ ಗಂಡನ ಮನೆಯವರು ಕಳಿಸಿದ್ದು, ಕರೆಯೋಕೆ ಯಾರೂ ಬರಲೇ ಇಲ್ಲ. ಅವಳು ಜಗುಲಿ ಮೇಲೆ ಕೂತು ಬಸ್ಸಿನ ದಾರಿ ನೋಡುತ್ತಾ ನೋಡುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ದೊಡ್ಡತ್ತೆ ಕೊನೆಗೆ ಅದನ್ನೇ ಹೇಳಿದರು. "ಬಿತ್ತನೆ ಮುಗಿಯೋಗಂಟ ತವರಿಗೆ ಕಳ್ಸಿ ನೋಡಾಣ. ಹದ ತಪ್ಪಿದ್ರೆ ಕಡಲೆ ಇಲ್ಲ, ಏನಿಲ್ಲ." ಮಾವ ತಲೆ ತಗ್ಗಿಸಿ ಕೂತಿದ್ದರು. ನಮ್ಮ ಯಜಮಾನರು ಕೊಟ್ಟಿಗೆಗೆ ಹೋಗಿ ಇಲ್ಲದ ಹಗ್ಗ ಹುಡುಕುತ್ತಿದ್ದರು. ಹೆಂಡತಿ ಪರ ಒಂದು ಮಾತಾಡಲು ಅವರಿಗೆ ಮುಂದೆ ಬೇಕಾದಷ್ಟು ವರ್ಷ ಸಿಕ್ಕಿದವು, ಆದರೆ ಅವತ್ತು ಸಿಗಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಕೇರುವುದನ್ನು ನಿಲ್ಲಿಸಲಿಲ್ಲ. "ಆಗಲಿ, ನಾಳೆ ಮಧ್ಯಾಹ್ನದ ರೈಲಿಗೆ ಹೋಗ್ಲಿ" ಅಂದರು, ಅಷ್ಟೆ.

ಮುಗಿಯಿತು ಅಂದುಕೊಂಡೆ. ಟ್ರಂಕಿಗೆ ಸೀರೆ ತುಂಬಿದೆ. ಅಜ್ಜಂಪುರದಲ್ಲಿ ರೈಲು ಹತ್ತಿ, ಬೀರೂರು ದಾಟಿ, ಕಡೂರಲ್ಲಿ ಇಳಿದು, ಬಸ್ಸು ಹಿಡಿದು... ಅಮ್ಮನಿಗೆ ಏನಂತ ಹೇಳಲಿ? ಟ್ರ್ಯಾಕ್ಟರು ನನ್ನನ್ನು ಒಲ್ಲೆ ಅಂತು ಅನ್ನಲೇ? ಅಳು ಬರುತ್ತಿತ್ತು, ಜೊತೆಗೆ ಎಲ್ಲರ ಮೇಲೆ ಕೆಟ್ಟ ಸಿಟ್ಟೂ ಬರುತ್ತಿತ್ತು. ಆ ಗಡ್ಡೆಯನ್ನು ಒನಕೆ ತಗೊಂಡು ಕುಟ್ಟಿಬಿಡೋಣ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ.

ಬೆಳಗ್ಗೆ ಸ್ನಾನ ಮಾಡಿ, ಕೊನೇ ಸಲ ಅಂತ ತಂಪು ಕಟ್ಟಿದೆ. ಸಾಬರು ನನ್ನ ಮುಖ ನೋಡಲಾರದೆ ಟ್ರ್ಯಾಕ್ಟರು ಹತ್ತಿ ಹೊರಟರು, ಮಾವ ಹಿಂದೆ ಹೋದರು. ಬುತ್ತಿ ಕಟ್ಟಿಟ್ಟೆ. ಆಗ ಅತ್ತೆ ಬಂದು ಮಂಕರಿಯನ್ನು ನನ್ನ ಕೈಯಿಂದ ತೆಗೆದು ತಮ್ಮ ತಲೆ ಮೇಲೆ ಇಟ್ಟುಕೊಂಡರು.

"ಇವತ್ತು ನಾನು ಮುಂದೆ ಹೋಗ್ತೀನಿ. ನೀನು ಹಿಂದೆ ಬಾ. ಹೊಲದ ಹತ್ರ ಬಂದ್ಮೇಲೆ ಬನ್ನಿಮರದ ಕೆಳಗೇ ನಿಂತ್ಕೋ. ನಾನು ಕರೆಯೋಗಂಟ ಬದು ಮೆಟ್ಬ್ಯಾಡ."

ದೊಡ್ಡತ್ತೆಯೂ ಶಾಲು ಹೊದ್ದು ನಮ್ಮ ಹಿಂದೆಯೇ ಹೊರಟರು. ತೀರ್ಪಿನ ದಿನ ಮನೆಯಲ್ಲಿ ಕೂರಲು ಅವರಿಂದ ಆದೀತೇ?

ಆ ದಾರಿ ಈಗಲೂ ನನಗೆ ಕನಸಿನಲ್ಲಿ ಬರುತ್ತೆ. ಎರೆ ಮಣ್ಣಿನ ಮೇಲೆ ಅತ್ತೆಯ ಹೆಜ್ಜೆ ಅಚ್ಚೊತ್ತುತ್ತಾ ಹೋಗುತ್ತಿತ್ತು, ನಾನು ಅದರ ಮೇಲೆ ಕಾಲಿಡುತ್ತಾ ಹೋಗುತ್ತಿದ್ದೆ. ಹುಲ್ಲಿನ ಮೇಲೆ, ಜೇಡರ ಬಲೆ ಮೇಲೆ, ಅವರ ಸೆರಗಿನ ಮೇಲೆ ಇಬ್ಬನಿ. ನಡೆಯುತ್ತಿದ್ದೇವೋ ತೇಲುತ್ತಿದ್ದೇವೋ... ಜಗತ್ತಿನಲ್ಲಿ ಆ ಬೆನ್ನೊಂದೇ ಉಳಿದಿತ್ತು. ಆ ಬೆನ್ನು ನನ್ನ ಪಾಲಿಗೆ ಏನು ತೀರ್ಮಾನ ಮಾಡಿದೆ ಅಂತ ಮಾತ್ರ ಗೊತ್ತಿರಲಿಲ್ಲ.

ನಾನು ಬನ್ನಿಮರದ ಕೆಳಗೆ ನಿಂತೆ. ಅತ್ತೆ ಬದು ಹತ್ತಿ ಹೊಲಕ್ಕಿಳಿದರು. ಟ್ರ್ಯಾಕ್ಟರು ಸಾಲು ತಿರುಗಿಸಿಕೊಂಡು ಅವರ ಕಡೆಗೇ ಬರುತ್ತಿತ್ತು. ಬಂತು, ಬಂತು... ಕೆಮ್ಮಿತು. ಏದಿತು. ಅವರ ಮುಂದೆಯೇ ನಿಂತಿತು!

ಮಂಜಿನೊಳಗಿಂದ ಅತ್ತೆಯ ಗಂಟಲು ಕೇಳಿತು. "ಬಾರೇ ಇಲ್ಲಿ! ನನ್ ಕಾಲಿಗೂ ನಿಂತ್ಕೊಂತು ಕಣೇ!"

ಓಡಿದೆ. ಓಡುವಾಗ ನಗುತ್ತಿದ್ದೆನೋ ಅಳುತ್ತಿದ್ದೆನೋ. ದೊಡ್ಡತ್ತೆ ಸೋಲುವವರಲ್ಲ. "ಕಾಲಲ್ದಿದ್ರೆ ಕೈ. ಆ ಬಟ್ಟೆ ಕಟ್ಟೋದು ಯಾರು? ಇವ್ಳೇ ತಾನೆ?" ಅಂದರು.

ಅತ್ತೆ ಮಂಕರಿ ಕೆಳಗಿಟ್ಟರು. ಟ್ರ್ಯಾಕ್ಟರಿನ ಹತ್ತಿರ ಹೋಗಿ, ನಾನು ಕಟ್ಟಿದ ಗಂಟು ಬಿಚ್ಚಿ, ಬಟ್ಟೆ ತೆಗೆದರು. ತೆಗೆದು ಅಗಲವಾದ ಅಂಗೈಯನ್ನು ಆ ಗಡ್ಡೆ ಮೇಲಿಟ್ಟರು. "ಅಯ್ಯಯ್ಯಪ್ಪಾ!" ಅಂತ ಕೈ ಹಿಂದಕ್ಕೆಳೆದುಕೊಂಡರು. ಸುಟ್ಟಿತೇನೋ ಅಂತ ನಾವೆಲ್ಲ ಬೆಚ್ಚಿದೆವು.

"ಏ ಬಾರೇ, ನೀನು ಮುಟ್ನೋಡು" ಅಂದರು.

ಮುಟ್ಟಿದೆ. ಇಂಜಿನ್ನೆಲ್ಲ ಕಾವಲಿಯಂತೆ ಕಾದಿತ್ತು. ಅದಕ್ಕೆ ಅಂಟಿಕೊಂಡೇ ಇದ್ದ ಈ ಗಡ್ಡೆ ಮಾತ್ರ ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗೆ. ಮೈಯೆಲ್ಲ ಬೆವರಿ ಹನಿ ತೊಟ್ಟಿಕ್ಕುತ್ತಿತ್ತು. ಕತ್ತಿನ ಸುತ್ತ ಬೆಳ್ಳಗೆ, ಉಪ್ಪು ಉದುರಿಸಿದ ಹಾಗೆ ಏನೋ ಕೂತಿತ್ತು. ಉಗುರಿನಿಂದ ಕೆರೆದೆ. ನೀರಾಗಿ ಹೋಯಿತು. ಅಂಥದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ನನ್ನ ಬಾಯಿ ಆಗ ತಾನಾಗಿಯೇ ಬಿಟ್ಟುಕೊಂಡಿತು. "ಅತ್ತೆ, ಪೆಟ್ರೋಲು ಕೈ ಮೇಲೆ ಬಿದ್ರೆ ಹಿಂಗೇ ತಣ್ಣಗೆ ಕೊರೀತದೆ. ಬೀಳ್ತದೆ, ಆರಿ ಹೋಗ್ತದೆ, ಆರೋವಾಗ ಕೊರೀತದೆ. ಒಳಗೂ ಅದೇ ಆಗ್ತಿರ್ಬೇಕು."

ಅತ್ತೆ ನನ್ನನ್ನೇ ನೋಡುತ್ತಾ ನಿಂತರು. ಆ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಸೊಸೆಯನ್ನು ನೋಡುವ ನೋಟವಾಗಿರಲಿಲ್ಲ, ಜೊತೆಯವಳನ್ನು ನೋಡುವ ನೋಟವಾಗಿತ್ತು. ಆಮೇಲೆ ತಮ್ಮ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೋಡಿದರು.

"ಬ್ಯಾಸಿಗೇಲಿ ಮಜ್ಜಿಗೆ ಮಡಕೆಗೆ ಒದ್ದೆ ಬಟ್ಟೆ ಸುತ್ತೀವಿ" ಅಂದರು, ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ. "ಬಟ್ಟೆ ಆರ್ತಾ ಆರ್ತಾ ಮಡಕೆ ಕಾವು ಎಳ್ಕಂತದೆ. ಚಳಿಗಾಲ್ದಾಗೆ ಯಾರಾನ ಸುತ್ತುತಾರೇನೇ? ಮೊದ್ಲೇ ಮೈ ಕೊರೀತಿರೋ ಪ್ರಾಣಿಗೆ ನಾವು ಮ್ಯಾಲೆ ಒದ್ದೆ ಬಟ್ಟೆ ಹೊದ್ಸಿದೀವಿ. ಗಂಟ್ಲು ಹೆಪ್ಪುಗಟ್ಟೋಗೈತೆ ಅದ್ಕೆ, ಉಸಿರಾಡೋದು ಹೆಂಗೆ?"

ಆಮೇಲೆ ಅವರು ನಿಂತ ನಿಲುವಿನಲ್ಲೇ ಅಮಲ್ದಾರ್ ಆದರು. ಸಾಬರಿಗೆ ಹೇಳಿ, ಇಂಜಿನ್ನಿನ ಮುಂದಿನ ರೇಡಿಯೇಟರಿನಿಂದ ಒಂದು ಚೊಂಬು ಬಿಸಿನೀರು ಹಿಡಿಸಿದರು. ಬಾಣಂತಿಗೆ ನೀರು ಹೊಯ್ಯುವ ಹಾಗೆ ಕೈ ಅಡ್ಡ ಹಿಡಿದು, ಆ ಗಡ್ಡೆ ಮೇಲೆ ಮೆಲ್ಲಗೆ ಸುರಿದರು. ಹಬೆ ಎದ್ದಿತು. ಸಾಬರು ಹ್ಯಾಂಡಲ್ ತಿರುಗಿಸಿದರು. ಇಂಜಿನ್ನು ಒಂದೇ ಏಟಿಗೆ ಗುಡುಗಿತು. ಬಟ್ಟೆ ಇಲ್ಲದೆ ಹೊರಟ ಟ್ರ್ಯಾಕ್ಟರು ಮಂಜಿನೊಳಗೆ ಹೋಯಿತು, ಸಾಲು ಮುಗಿಸಿ ತಿರುಗಿತು, ವಾಪಸ್ ಬಂತು. ಮತ್ತೆ ಹೋಯಿತು. ನಡುವೆ ಒಮ್ಮೆ ನಿಲ್ಲುವ ಹಾಗೆ ತುಸು ಮುಕ್ಕರಿಸಿದ್ದುಂಟು, ಇನ್ನೊಂದು ಚೊಂಬು ನೀರಿಗೆ ಸರಿಹೋಯಿತು.

ಸಾಬರು ಆಮೇಲೆ ತರೀಕೆರೆಗೆ ಹೋದಾಗ ಅಲ್ಲಿನ ಗ್ಯಾರೇಜಿನವರನ್ನು ಕೇಳಿಕೊಂಡು ಬಂದರು. ಪೆಟ್ರೋಲು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕಂತೆ. ಪಕ್ಕದ ಕಬ್ಬಿಣದಿಂದ, ಒಳಗೆ ಬರುವ ಗಾಳಿಯಿಂದ ಅದನ್ನು ಕಿತ್ತುಕೊಳ್ಳುತ್ತಂತೆ. ಇಕ್ಕಟ್ಟಾದ ಗಂಟಲಲ್ಲಿ ನುಗ್ಗುವ ಗಾಳಿ ತಾನೂ ತಣ್ಣಗಾಗುತ್ತಂತೆ. ಒಣ ಗಾಳಿಯಾದರೆ ಚಿಂತೆಯಿಲ್ಲ. ಮಂಜಿನ ಗಾಳಿಯಾದರೆ ಅದರೊಳಗಿನ ನೀರು ಅಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತೆ. ಇಂಜಿನ್ನು ನಿಂತಮೇಲೆ ಅದರ ಕಾವೇ ಹಬ್ಬಿ ಬಂದು ಹೆಪ್ಪನ್ನು ಕರಗಿಸುತ್ತೆ, ಬಿಚ್ಚಿ ನೋಡುವ ಹೊತ್ತಿಗೆ ಒಳಗೆ ಏನೂ ಇರುವುದಿಲ್ಲ. ಕಳ್ಳ ಬಂದು ಹೋದ ಗುರುತೂ ಇಲ್ಲ ಅಂತ ಸಾಬರು ನಕ್ಕರು. ಒಂದು ಎಣ್ಣೆ ಡಬ್ಬ ಕತ್ತರಿಸಿ, ಹೊಗೆ ಕೊಳವೆಯ ಕಾವು ಆ ಗಡ್ಡೆಯ ಕಡೆಗೆ ತಿರುಗುವಂತೆ ತಗಡು ಕಟ್ಟಿದರು. ಆಮೇಲೆ ಚೊಂಬಿನ ಕೆಲಸವೂ ತಪ್ಪಿತು.

ಆದರೆ ಅದೆಲ್ಲ ಮುಂದಿನ ಮಾತು. ಆ ಬೆಳಗಿನದು ಇನ್ನೂ ಬಾಕಿ ಇದೆ. ದೊಡ್ಡತ್ತೆ ಶಾಲಿನೊಳಗಿಂದ ಮತ್ತೆ ಎಳೆದರು. "ಏನಾರಾಗ್ಲಿ, ಬಟ್ಟೆ ಕಟ್ಟಿದ್ದು ಇವಳ ಕೈ ತಾನೆ. ರೈಲಿಗೆ ಹೊತ್ತಾಗ್ತದೆ."

ಮಾವ ಅಲ್ಲೇ ಇದ್ದರು. ಪಕ್ಕದ ಹೊಲದವರು ಬದು ಮೇಲೆ ನಿಂತು ನೋಡುತ್ತಿದ್ದರು. ಉಪ್ಪು ಜಾಸ್ತಿಯಾದರೆ ಉಪ್ಪನ್ನೇ ಬಯ್ಯುವ ನನ್ನ ಅತ್ತೆ, ಅಷ್ಟು ಜನರ ಮುಂದೆ ಆ ಒದ್ದೆ ಬಟ್ಟೆಯನ್ನು ಎತ್ತಿ ಹಿಡಿದರು.

"ಕಟ್ಟಿದ್ದು ಅವಳ ಕೈ. ಕಟ್ಟು ಅಂದಿದ್ದು ನನ್ನ ಬಾಯಿ. ಸೀರೇನೂ ನಂದೇ. ತಪ್ಪು ನಂದು ಕಣ್ರೋ, ಎಲ್ರೂ ಕೇಳ್ಕಳ್ರಿ. ರೈಲು ಹತ್ತೋರು ಹತ್ಲೇಬೇಕು ಅಂದ್ರೆ ನಾನೇ ಹತ್ತೀನಿ. ಏನ್ರೀ, ಟ್ರಂಕು ನಂಗೂ ಒಂದು ತೆಗ್ದುಕೊಡ್ರಿ, ಸಖರಾಯಪಟ್ಣಕ್ಕೆ ಹೋಗ್ತೀನಿ!"

ಸಖರಾಯಪಟ್ಟಣ ಅವರ ತವರು. ಅಲ್ಲಿ ಅವರನ್ನು ಕರೆದು ಕೂರಿಸುವವರು ಯಾರೂ ಉಳಿದಿರಲಿಲ್ಲ. ಮಾವ ಮೊದಲು ಕೆಮ್ಮಿದರು, ಟ್ರ್ಯಾಕ್ಟರಿನ ಹಾಗೆಯೇ. ಆಮೇಲೆ ನಕ್ಕುಬಿಟ್ಟರು. ಬದು ಮೇಲಿನವರೂ ನಕ್ಕರು. ದೊಡ್ಡತ್ತೆ ಎಲೆ ಅಡಿಕೆ ಉಗಿದು ಮನೆ ದಾರಿ ಹಿಡಿದರು.

ವಾಪಸ್ ಬರುವಾಗ ನಾವಿಬ್ಬರೇ. ಮಂಜು ತೆಳುವಾಗಿ ಬೆಳಕು ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಕೃತಜ್ಞತೆ ಗಿತಜ್ಞತೆ ಅಂತೆಲ್ಲ ನಮ್ಮ ಕಡೆ ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಅತ್ತೆಯೇ ಹೇಳಿದರು, ಮುಂದೆ ನೋಡುತ್ತಾ.

"ನಾನು ಬಂದ ವರ್ಷ ಈ ಮನೇಲಿ ಒಂದು ಎತ್ತು ಸತ್ತಿತ್ತು ಕಣೇ. ಬಲಗಡೆ ಎತ್ತು. ನಂಗೂ ಇದೇ ಮಾತು ಅಂದ್ರು. ಎರಡು ಬ್ಯಾಸಿಗೆ ಸಖರಾಯಪಟ್ಣದಾಗೆ ಕುಂತಿದ್ದೆ. ಎತ್ತಿನ ಹೊಟ್ಟೆ ಮುಟ್ಟಿ, ಏನಾಗಿತ್ತು ಅಂತ ನೋಡಿದೋರು ಒಬ್ರೂ ಇರ್ಲಿಲ್ಲ."

ಮನೆಗೆ ಬಂದು ನನ್ನ ಟ್ರಂಕು ತೆರೆದು, ಮಡಿಸಿಟ್ಟ ಸೀರೆಗಳನ್ನು ತಾವೇ ತೆಗೆದು ಗೋಡೆಯ ನಾಗಂದಿಗೆ ಮೇಲಿಟ್ಟರು. ಮಡಿಕೆ ಸರಿಯಿಲ್ಲ ಅಂತ ಬೈದರು ಕೂಡ. ಬೈಗುಳ ಅಷ್ಟು ಹಿತವಾಗಿ ಕೇಳಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಆ ವರ್ಷ ಕಡಲೆ ಚೆನ್ನಾಗಿ ಬಂತು. ಬಂತೋ, ನನ್ನ ಕಾಲ್ಗುಣ ಒಳ್ಳೆಯದಾಯಿತು! ದೊಡ್ಡತ್ತೆಯೇ ಊರೆಲ್ಲ ಹೇಳಿಕೊಂಡು ಬಂದರು. ಅದನ್ನು ಕೇಳಿ ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ದು, ನಾನು ಸೆರಗಿನೊಳಗೆ ನಕ್ಕಿದ್ದು... ನಮ್ಮಿಬ್ಬರ ನಡುವೆ ಅಂಥವೆಲ್ಲ ಶುರುವಾದದ್ದು ಆಮೇಲೆಯೇ. ಅಡುಗೆಮನೆಯಲ್ಲಿ ಏನಾದರೂ ಕೆಟ್ಟರೆ ಅವರು ಮೊದಲಿನ ಹಾಗೆ ಉಪ್ಪನ್ನೋ ಎಮ್ಮೆಯನ್ನೋ ಬೈಯುತ್ತಿದ್ದರು, ಅದೇನು ಹೋಗುವ ಗುಣವೇ? ಆದರೆ ನನಗೆ ಮಾತ್ರ "ಮುಟ್ನೋಡು ಮೊದ್ಲು" ಅನ್ನುವರು. ಮಗುವಿಗೆ ಜ್ವರ ಅಂದರೆ ಮುಟ್ನೋಡು. ಹಿಟ್ಟು ಹದ ಬಂತೇ ಅಂದರೆ ಮುಟ್ನೋಡು. ಯಾರಾದರೂ ಯಾರ ಮೇಲಾದರೂ ಚಾಡಿ ಹೇಳಿದರೂ ಅದೇ, "ಮುಟ್ನೋಡಿದೀಯಾ?"

ಅರವತ್ತರ ದಶಕ ಮುಗಿಯುವ ಹೊತ್ತು. ಪುಷ್ಯದ ಚಳಿಯಲ್ಲಿ ಅತ್ತೆಗೆ ಜ್ವರ ಬಂತು. ಬಿಡಲೊಲ್ಲದ ಜ್ವರ. ಅಜ್ಜಂಪುರದಿಂದ ಬಂದ ಡಾಕ್ಟರು ಮಾತ್ರೆ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕುತ್ತಿರಿ ಅಂದರು. ಅವರ ಹಳೇ ಸೀರೆಯ ತುಂಡನ್ನೇ ನೀರಲ್ಲಿ ಅದ್ದಿ, ಹಿಂಡಿ, ಹಣೆ ಮೇಲೆ ಹಾಕಿದೆ. ಕಣ್ಣು ಮುಚ್ಚಿದ್ದರು. ನಿದ್ದೆ ಅಂದುಕೊಂಡೆ. ಆ ಒಣಗಿದ ತುಟಿ ಅಲುಗಿತು.

"ಚಳಿಗಾಲ ಕಣೇ. ತೆಗಿ ಅದನ್ನ. ಇಂಜಿನ್ನು ನಿಂತೋಗ್ತದೆ."

ನಾನು ನಕ್ಕೆ. ಅವರೂ ನಕ್ಕರು, ಅಂದರೆ ಹೊಟ್ಟೆ ಸ್ವಲ್ಪ ಅಲ್ಲಾಡಿತು. "ಸುಮ್ನಿರಿ ಅತ್ತೆ, ನಿಮ್ಮಿಂಜಿನ್ನು ನಿಲ್ಲೋದಲ್ಲ" ಅಂತ ಬಟ್ಟೆ ಮತ್ತೆ ಅದ್ದಿ ಹಾಕಿದೆ. ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ಇಳಿದು ಅವರ ಕಾಲಿನ ಹತ್ತಿರ ಬಿದ್ದಿತ್ತು. ಬಟ್ಟೆ ಹಾಕುತ್ತಾ, ತೆಗೆಯುತ್ತಾ, ನನಗೂ ಕಣ್ಣು ಎಳೆಯಿತೋ ಏನೋ... ಬಿಸಿಲು ಗೋಡೆ ಹತ್ತಿದಾಗ ಎಚ್ಚರವಾಯಿತು. ಬಟ್ಟೆ ತೆಗೆದು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಅಬ್ಬಾ, ಎಷ್ಟು ಖುಷಿಯಾಯಿತು ಗೊತ್ತೇ! "ಜ್ವರ ಬಿಟ್ಟೋಯ್ತು, ಬನ್ರೀ ಎಲ್ರೂ, ಅತ್ತೆಗೆ ಜ್ವರ ಬಿಟ್ಟೋಯ್ತು!" ಅಂತ ಮನೆಯೆಲ್ಲ ಕೇಳುವ ಹಾಗೆ ಕೂಗಿದೆ.

ಮಾವ ಬಂದರು. ಅವರ ಕೈ ಹಿಡಿದು ನೋಡಿದರು. ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು.

ನಾನು ಬಚ್ಚಲಿಗೆ ಓಡಿದೆ. ಹಂಡೆಯಿಂದ ಒಂದು ಚೊಂಬು ಬಿಸಿನೀರು ತುಂಬಿಕೊಂಡು ಬಂದೆ. ಬಾಗಿಲಲ್ಲಿ ದೊಡ್ಡತ್ತೆ ನನ್ನ ಕೈ ಹಿಡಿದು, "ಇದ್ಯಾಕೇ ತಾಯಿ, ಈಗ್ಯಾಕೆ?" ಅಂತ ಕೇಳಿದರು. ಮಂಜಿನಲ್ಲಿ ಹೆಪ್ಪುಗಟ್ಟಿ ನಿಂತದ್ದರ ಮೇಲೆ ಬಿಸಿನೀರು ಹೊಯ್ದರೆ ಮತ್ತೆ ಶುರುವಾಗುತ್ತಿತ್ತಲ್ಲ... ಅವರೇ ಹೊಯ್ದು ತೋರಿಸಿದ್ದರಲ್ಲ. ದೊಡ್ಡತ್ತೆ ಚೊಂಬನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡರು. ಅವರೂ ಅಳುತ್ತಿದ್ದರು.

ಆ ಟ್ರ್ಯಾಕ್ಟರನ್ನು ಮಾವ ಮುಂದಿನ ವರ್ಷವೇ ಮಾರಿಬಿಟ್ಟರು. ಎಲ್ಲಿಗೆ ಹೋಯಿತೋ, ಯಾವ ಗುಜರಿ ಸೇರಿತೋ. ಡ್ರೈವರ್ ಸಾಬರು ತರೀಕೆರೆಯಲ್ಲೇ ತೀರಿಕೊಂಡರಂತೆ. ಹೊಲ ಮೊಮ್ಮಕ್ಕಳ ಕೈಲಿದೆ. ಅತ್ತೆ ಹೋದಾಗಿನ ಅವರ ವಯಸ್ಸನ್ನು ದಾಟಿ ನಾನು ಎಷ್ಟೋ ಮುಂದೆ ಬಂದುಬಿಟ್ಟಿದ್ದೇನೆ. ಹೀಗಿದ್ದೂ ಆ ಎರೆ ಹೊಲದ ದಾರಿ ನೆನಪಾದರೆ ಅವರೇ ಮುಂದೆ, ನಾನೇ ಹಿಂದೆ.

"ಅಜ್ಜೀ, ಮುಗೀತು. ಹತ್ತಿ ಒತ್ತಿ ಹಿಡ್ಕೊಳ್ಳಿ" ಅಂದಳು ಕಡೂರಿನ ಆ ಹುಡುಗಿ. ಆಮೇಲೆ ನನ್ನ ಮುಖ ನೋಡಿ ಗಾಬರಿ ಬಿದ್ದಳು. "ಅಯ್ಯೋ, ತುಂಬಾ ನೋವಾಯ್ತಾ ಅಜ್ಜಿ?"

"ಇಲ್ಲ ಕಣವ್ವಾ" ಅಂದೆ. "ತಣ್ಣಗಾಯ್ತು, ಅಷ್ಟೆ."